ಪೊಲೀಸ್ ಕೇಳಿದರೆ ಮಗ ಊರಲ್ಲಿಲ್ಲ

ನಮ್ಮೂರಲ್ಲಿ ಒಂದು ರೂಢಿಯಿದೆ. ಪೊಲೀಸಿನವರು ಬಂದು ಯಾವ ಹುಡುಗನನ್ನು ಕೇಳಿದರೂ ಅವನು ಊರಲ್ಲಿಲ್ಲ ಅನ್ನಬೇಕು. ಕಾವೇರಿ ಗಲಾಟೆಯಲ್ಲಿ ರಸ್ತೆ ತಡೆದ ಹುಡುಗರನ್ನು ಹುಡುಕಿಕೊಂಡು ಜೀಪು ಬಂದಾಗ ಊರಿಗೆ ಊರೇ ಕಲಿತದ್ದು ಇದು. ಆಗ ನಾನೂ ಕಬ್ಬಿನ ಗದ್ದೆಯಲ್ಲಿ ಅವಿತಿದ್ದೆ. ಅವ್ವ ಹೇಳಿದ ಸುಳ್ಳಿನಿಂದ ಉಳಿದೆ. ಅದೇ ಸುಳ್ಳು ಆಮೇಲೆ ನನ್ನ ಬಾಳಿಗೆ ಕಲ್ಲು ಹಾಕಿತು.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಜೆಸಿಬಿ ಓಡಿಸುತ್ತೇನೆ. ದುಬೈನಲ್ಲಿ ಅದೇ ಕೆಲಸ ಕೊಡಿಸುವುದಾಗಿ ಮಳವಳ್ಳಿಯ ಏಜೆಂಟ್ ಒಬ್ಬ ಹೇಳಿದ್ದ. ಗೌರಿಹಬ್ಬದೊಳಗೆ ಪಾಸ್‌ಪೋರ್ಟ್ ತಂದರೆ ನನಗೆ, ಇಲ್ಲದಿದ್ದರೆ ಇನ್ನೊಬ್ಬನಿಗೆ. ಮಂಡ್ಯಕ್ಕೆ ಹೋಗಿ ಫೋಟೊ, ಬೆರಳಚ್ಚು ಕೊಟ್ಟು ಬಂದೆ. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅವ್ವ ಅಳುತ್ತಾಳೆ. ಪಾಸ್‌ಪೋರ್ಟ್ ಕೈಗೆ ಬರಲಿ, ಆಮೇಲೆ ಅತ್ತುಕೊಳ್ಳಲಿ ಅಂದುಕೊಂಡೆ.

ವಿಳಾಸ ವಿಚಾರಿಸಲು ಪೇದೆ ಬಂದ ದಿನ ನಾನು ಮದ್ದೂರಿನ ಆಚೆ ಮಣ್ಣು ತೆಗೆಯುತ್ತಿದ್ದೆ. ಮೆಷಿನ್ ಸದ್ದಿನಲ್ಲಿ ಅವನ ಫೋನು ಕೇಳಲಿಲ್ಲ. ಅವನು ಅರಳಿಕಟ್ಟೆಯಲ್ಲಿ ಕೂತಿದ್ದ ನನ್ನ ದೊಡ್ಡಪ್ಪನನ್ನು ಕೇಳಿದ. ಅಂಥವನು ಊರಲ್ಲೇ ಇಲ್ಲ ಅಂದುಬಿಟ್ಟ ದೊಡ್ಡಪ್ಪ. ಪಾಸ್‌ಪೋರ್ಟಿಗೆ ಅಂತ ಪೇದೆ ಬಿಡಿಸಿ ಹೇಳಿದನಂತೆ. ಪೊಲೀಸಿನವರು ಹಿಡಿಯಲು ಬಂದಾಗ ಇಂಥ ನೆಪ ಹೇಳುವುದು ಇದ್ದದ್ದೇ ಅಂತ ಯಾರೂ ನಂಬಲಿಲ್ಲ. ಮನೆ ಬಾಗಿಲಿಗೆ ಹೋದರೆ ಅವ್ವ ಇನ್ನೂ ಒಂದು ಕೈ ಮುಂದೆ. ಮಗ ಹೋಗಿ ಎರಡು ವರ್ಷವಾಯಿತು, ಎಲ್ಲಿದ್ದಾನೋ, ಫೋನೂ ಮಾಡಲ್ಲ ಅಂತ ಸೆರಗಲ್ಲಿ ಕಣ್ಣೊರೆಸಿಕೊಂಡಳಂತೆ. ಪಕ್ಕದ ತಂತಿಯ ಮೇಲೆ ನನ್ನ ಪ್ಯಾಂಟು ಒಣಗುತ್ತಿತ್ತು.

ಸಂಜೆ ಗೆದ್ದವಳ ಹಾಗೆ ಮುದ್ದೆ ಇಕ್ಕಿದಳು.

"ಪೊಲೀಸ್ನೋನು ಬಂದಿದ್ದ ಕಣ್ಲಾ. ಸಾಗಾಕ್ಬುಟ್ಟೆ. ಏನ್ಲಾ ಮಾಡ್ಕಂಡಿದ್ದೀಯ?"

ತಟ್ಟೆ ತಳ್ಳಿ ವಿಷಯ ಹೇಳಿದೆ.

"ನಂಗೇನ್ಲಾ ಗೊತ್ತು? ಪೊಲೀಸ್ನೋರ್ಗೆ ಯಾರಾರ ದಿಟ ಯೋಳ್ತಾರ?"

ಬೆಳಿಗ್ಗೆ ಸ್ಟೇಷನ್ನಿಗೆ ಓಡಿದೆ. ಈ ವಿಳಾಸದಲ್ಲಿ ವಾಸವಿಲ್ಲ ಅಂತ ವರದಿ ಆಗಲೇ ಹೋಗಿತ್ತು. ಆಧಾರ್ ಕಾರ್ಡು ತೋರಿಸಿದೆ. ಪೇದೆ ಅದನ್ನು ಕೈಯಲ್ಲೂ ಮುಟ್ಟಲಿಲ್ಲ.

"ಎತ್ತವ್ವನೇ ಇಲ್ಲ ಅಂದವ್ಳೆ. ಕಾರ್ಡ್ ಮಾತ್ ಕೇಳ್ಬೇಕಾ ನಾನು?"

ಬೈಯೋಣವೆಂದರೆ ಅವನ ಮಾತಲ್ಲಿ ತಪ್ಪಿರಲಿಲ್ಲ. ಮತ್ತೆ ಮಂಡ್ಯ, ಮತ್ತೆ ಅರ್ಜಿ. ಅಷ್ಟರಲ್ಲಿ ಗೌರಿಹಬ್ಬ ಕಳೆದು, ನನ್ನ ಜಾಗಕ್ಕೆ ಶಿವಪುರದ ಕಡೆಯ ಹುಡುಗನೊಬ್ಬ ಹೋದ. ಅವನಿಗೆ ಗಾಡಿ ರಿವರ್ಸ್ ತೆಗೆಯಲೂ ಬರಲ್ಲ.

ಹಬ್ಬ ಮುಗಿದ ಮೇಲೆ ಅದೇ ಪೇದೆ ಮತ್ತೆ ಬಂದ. ಈ ಸಲ ನಾನು ಜಗಲಿಯ ಮೇಲೇ ನಿಂತಿದ್ದೆ. ಇವನು ನಿನ್ನ ಮಗನೇನಮ್ಮ ಅಂತ ಕೇಳಿದ. ಅವ್ವ ಹೂಂ ಅನ್ನಲೋ ಬೇಡವೋ ಅಂತ ನನ್ನ ಮುಖ ನೋಡಿದಳು. ಯೋಳವ್ವ ಅಂದೆ.

"ಊಂ ಕಣಪ್ಪ, ನನ್ ಮಗನೇಯ" ಅಂದಳು. ಆಮೇಲೆ ಪೇದೆಗೆ ಕೈ ಮುಗಿದಳು. "ಇವ ಏನೂ ಮಾಡಿಲ್ಲ ಕಣಪ್ಪ. ಬುಟ್ಬುಡು."