ಕಿವಿಯಮ್ಮನ ಹತ್ತು ಹಲಸು

ಹಲಸಿನ ಕಾರ್ಖಾನೆಯಲ್ಲಿ ಅವಳಿಗೆ ಕಿವಿಯಮ್ಮ ಅಂತಲೇ ಹೆಸರು. ಹಲಸಿಗೆ ಎರಡು ಸಲ ತಟ್ಟಿ, ಕಿವಿಯಿಟ್ಟು, ‘ಕಾಯಿ’ ಅಥವಾ ‘ಹಣ್ಣು’ ಅಂದಳೋ, ಮುಗಿಯಿತು, ಮೇಲೆ ಮಾತಿಲ್ಲ. ಕಾಯಿ ಒಣಗಿ ಹಿಟ್ಟಾಗಬೇಕು, ಹಣ್ಣು ಜಾಮ್ ಆಗಬೇಕು, ಬೀಜ ಹುರಿಯುವುದಕ್ಕೆ, ಸಿಪ್ಪೆ ದನಗಳಿಗೆ. ಕಾಯಿಗಳ ನಡುವೆ ಒಂದೇ ಒಂದು ಹಣ್ಣು ನುಸುಳಿದರೂ ಹಿಟ್ಟಿನ ಯಂತ್ರವೆಲ್ಲ ಅಂಟಂಟು. ಆ ಹಿಟ್ಟಿಗೋ ಗಿರಾಕಿಗಳು ಮುಗಿಬೀಳುತ್ತಿದ್ದರು: ನಾರಿದೆ, ಹೊಟ್ಟೆ ಹಗುರಾಗುತ್ತದೆ, ಸಕ್ಕರೆ ಕಾಯಿಲೆಯವರಿಗೂ ಒಳ್ಳೆಯದಿರಬಹುದಂತೆ ಅಂತ. “ತಿನ್ನಿ, ಬೇಡ ಅಂದೋರ್ಯಾರು? ಆದ್ರೆ ಇದನ್ನ ನಂಬ್ಕೊಂಡು ಮಾತ್ರೆ ಬಿಟ್ಟೀರಿ, ಜೋಕೆ!” ಅಂತ ಗದರಿಸುತ್ತಿದ್ದವಳು ಅವಳೇ.

ಅಂಥ ಕಿವಿಯೇ ಮೂರು ವರ್ಷದ ಹಿಂದೆ ಕೈಕೊಟ್ಟಿತು ನೋಡಿ! ಗೊತ್ತಿದ್ದದ್ದು ಮಗಳೊಬ್ಬಳಿಗೇ. ಅಲ್ಲೇ ಕೈಗೆ ಎಣ್ಣೆ ಸವರಿಕೊಂಡು ಹಲಸು ಕೊಯ್ಯುವವಳು ಅವಳು. “ಸಾಕಮ್ಮಾ, ಇನ್ನು ಮನೇಲಿ ಕೂತ್ಕೋ” ಅಂತ ಸನ್ನೆ ಮಾಡಿದ್ದಳು.

“ಕೂತ್ಕೊಂಡು ನೊಣ ಹೊಡೀಲಾ?”

ಮೂಲೆ ಸೇರುವುದೆಂದರೆ ಅವಳಿಗೆ ಜೀವ ಹೋದಷ್ಟು ಭಯ. ಬಲಗೈಲಿ ತಟ್ಟಿ, ಎಡ ಅಂಗೈಯನ್ನು ಆಚೆ ಬದಿಗೆ ಒತ್ತಿಟ್ಟು ಹೊಸದಾಗಿ ಕಲಿತಳು. ಕಾಯಿಯಾದರೆ ಪೆಟ್ಟು ಅಂಗೈಗೆ ಬಂದು ಮುಟ್ಟುತ್ತದೆ, ಹಣ್ಣು ಅದನ್ನು ನುಂಗಿಬಿಡುತ್ತದೆ. ಕಿವಿಯಿಡುವುದೆಲ್ಲ ಬರೀ ನಾಟಕ. ಜನರ ಮಾತಿಗೆ ತುಟಿ ನೋಡಿ ತಲೆಯಾಡಿಸುತ್ತಿದ್ದಳು.

ಆಮೇಲೆ ಬಂದ ನೋಡಿ, ದಪ್ಪ ಮೀಸೆಯವನೊಬ್ಬ, ಎಲ್ಲರ ಬಾಯಲ್ಲೂ ಬರೀ ‘ಮೀಸೆ’. ಬೇರೆ ಮಾರುಕಟ್ಟೆಯಲ್ಲಿ ಹಣ್ಣು ಆರಿಸುತ್ತಿದ್ದ ಜಂಬಗಾರ. “ಯಜಮಾನ್ರೇ, ಹಿಂದಿನಿಂದ ಕರೆದ್ರೆ ತಿರುಗೋದೇ ಇಲ್ಲ, ಈ ಅಜ್ಜಿಗೆ ಕಿವಿ ಕೇಳಲ್ಲ. ಬೇಕಾದ್ರೆ ಪರೀಕ್ಷೆ ಮಾಡಿ. ಗೆದ್ದೋರಿಗೆ ಕೆಲಸ.”

ಅಂಗಳದಲ್ಲಿ ಗೋಣಿಚೀಲದ ಮೇಲೆ ಹತ್ತು ಹಲಸು ಇಟ್ಟರು. ಇಬ್ಬರೂ ಸೀಮೆಸುಣ್ಣದಲ್ಲಿ ಕಾಯಿಗೆ ಒಂದು ಗೀಟು, ಹಣ್ಣಿಗೆ ಎರಡು ಗೀಟು ಹಾಕಬೇಕು, ಆಮೇಲೆ ಮಗಳು ಕೊಯ್ಯಬೇಕು. ಪಾಪ, ಮಗಳು ಕತ್ತಿಗೆ ಸವರಿದ ಎಣ್ಣೆಯನ್ನೇ ಮತ್ತೆ ಮತ್ತೆ ಸವರುತ್ತಿದ್ದಳು.

ಸರಿಯಾಗಿ ಆಗಲೇ ಕರೆಂಟು ಹೋಯಿತು, ಜನರೇಟರ್ ಗಡಗಡ ಶುರುವಾಯಿತು. ಮೀಸೆ ಹಲಸಿಗೆ ಕಿವಿ ಒತ್ತಿದ, ಇನ್ನಷ್ಟು ಒತ್ತಿದ, ಮುಳ್ಳು ಚುಚ್ಚಿ ಕೆನ್ನೆ ಕೆಂಪಾಯಿತು. ಮೂಸೋಣವೆಂದರೆ ಅಂಗಳವೆಲ್ಲ ಹಲಸಿನದೇ ವಾಸನೆ.

“ಅದನ್ನ ನಿಲ್ಸಿ!” ಅಂತ ಕಿರುಚಿದ.

“ನಿಲ್ಸಿದ್ರೆ ಒಣಗೋಕೆ ಇಟ್ಟ ಮಾಲೆಲ್ಲ ಹಾಳು” ಅಂತ ಯಜಮಾನರೂ ಕಿರುಚಿದರು.

ಇವನ್ಯಾಕೆ ಹೀಗೆ ಬಾಯಿ ಬಡಕೊಳ್ಳುತ್ತಿದ್ದಾನೆ ಅಂತ ಕಿವಿಯಮ್ಮನಿಗೆ ಅರ್ಥವೇ ಆಗಲಿಲ್ಲ. ತಟ್ಟಿದಳು, ಅಂಗೈ ಒತ್ತಿದಳು, ಗೀಟೆಳೆದಳು.

ಮಗಳು ಒಂದೊಂದೇ ಸೀಳಿದಳು. ಮೀಸೆಯದು ನಾಲ್ಕು ಸರಿ. ಅಮ್ಮನದು ಹತ್ತಕ್ಕೆ ಹತ್ತು! ಮಗಳು ಕತ್ತಿ ಬಿಸಾಕಿ, ಎಣ್ಣೆಗೈಯಲ್ಲೇ ಅಮ್ಮನನ್ನು ತಬ್ಬಿಕೊಂಡಳು. ಖುಷಿಗೆ ಇಬ್ಬರಿಗೂ ಅಳುವೇ ಬಂತು.

ಕರೆಂಟು ಬಂದು ಗದ್ದಲ ನಿಂತ ಮೇಲೆ ಯಜಮಾನರು ಹತ್ತಿರ ಬಂದರು. “ಆ ಸದ್ದಲ್ಲೂ ಕೇಳಿಸ್ತಲ್ಲ ಅಜ್ಜೀ, ಎಂಥ ಕಿವಿ ನಿಮ್ದು!”

“ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ, ನಂಗೆ ಕಿವಿ ಕೇಳಲ್ಲ” ಅಂದಳು ಕಿವಿಯಮ್ಮ, ಮೂರು ವರ್ಷದಲ್ಲಿ ಮೊದಲ ಸಲ, ಎಲ್ಲರ ಎದುರಿಗೇ.