ಗಂಜಿ ಹಾಕಿದ ಬ್ಯಾಂಡು

ಅಂದು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಅಂಗಳಕ್ಕೆ ನೀರು ಹೊಡೆದು, ಯಜಮಾನರ ಅಂಗಿಗೆ ಇಸ್ತ್ರಿ ಹಾಕಿದೆ. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹಾಗೆ ಕಾಲರಿಗೆ ಮೊದಲು ಒಳಮಗ್ಗುಲಿನಿಂದ. ಆಮೇಲೆ ವಕೀಲರು ಕೊರಳಿಗೆ ಕಟ್ಟುವ ಬಿಳಿ ಬ್ಯಾಂಡಿಗೆ ಗಂಜಿ ಅದ್ದಿ ತಂತಿಗೆ ಹಾಕಿದೆ. ಶಾಸಕರಾದ ಮೇಲೆ ಇವರು ಹುನಗುಂದದ ಕೋರ್ಟಿನ ಮೆಟ್ಟಿಲು ಹತ್ತಿರಲಿಲ್ಲ. ಅಂದು ಹೋಗುವುದಿತ್ತು.

ಗಂಜಿ ಇಳಕಲ್ಲಿನದು. ಇವರ ಹಳೆಯ ಕಕ್ಷಿದಾರಳು, ಒಬ್ಬ ನೇಕಾರ ಹೆಂಗಸು, ಮಗ್ಗಕ್ಕೆ ಉದ್ದಕ್ಕೆ ಹೂಡುವ ಹಾಸಿನ ನೂಲಿಗೆ ಬಳಿಯುವ ಗಂಜಿಯನ್ನೇ ಹಿಂದಿನ ಸಂಜೆ ಡಬ್ಬಿಯಲ್ಲಿ ತಂದುಕೊಟ್ಟಿದ್ದಳು.

"ಇದನ್ನ ಹಚ್ರಿ ಅಕ್ಕಾರ. ಸಾಹೇಬ್ರ ಬ್ಯಾಂಡು ಜಡ್ಜ್ ಮುಂದ ಬಾಗಬಾರ್ದು ನೋಡ್ರಿ," ಎಂದು ನಕ್ಕಿದ್ದಳು.

ರಸ್ತೆ ಅಗಲ ಮಾಡುವಾಗ ಅವಳ ಮಗ್ಗದ ಕೋಣೆ ಹೋಗುವುದಿತ್ತು. ಅದಕ್ಕೆ ತಡೆಯಾಜ್ಞೆ ತಂದವರು ಇವರೇ. ಕಡೆಯ ವಾದವನ್ನೂ ತಾವೇ ಮಾಡುವುದಾಗಿ, ಚುನಾವಣೆ ಗೆದ್ದ ದಿನ ಗುಲಾಲು ಮೆತ್ತಿದ ಕೈಯಲ್ಲೇ ಅವಳ ಕೈ ಹಿಡಿದು ಹೇಳಿದ್ದರು.

ಬ್ಯಾಂಡು ಒಣಗುವ ಮೊದಲೇ ಬಾಗಲಕೋಟೆಯಿಂದ ಫೋನು ಬಂತು. ಮಂತ್ರಿಗಳ ಸಭೆಯಂತೆ.

"ಕೋರ್ಟಿಗೆ?" ಎಂದೆ.

"ಜೂನಿಯರ್ ಹೋಗ್ತಾಳ. ವಾಯ್ದೆ ಕೇಳ್ತಾಳ, ಮುಂದಿನ ತಾರೀಖು ಕೊಡ್ತಾರ."

"ಗಂಜಿ ತಂದಾಕಿ ನಿಮ್ಮ ದಾರಿ ನೋಡ್ತಿರ್ತಾಳಲ್ರಿ."

"ಆ ರಸ್ತಾ ನಾನ ತಂದೇನಿ ಅಂತ ಅಲ್ಲಿ ಭಾಷಣ ಮಾಡೂದೈತಿ. ಇಲ್ಲಿ ನಿಂತು ಅದ ರಸ್ತಾ ಬ್ಯಾಡ ಅನ್ಲೇನ? ನೀನ ಹೇಳು."

ಇವರ ಖಾದಿ ಅಂಗಿಯ ಒಂದು ಗುಂಡಿ ತಪ್ಪು ಕಾಜಿಗೆ ಹೋಗಿತ್ತು. ಬಿಚ್ಚಿ ಸರಿಯಾಗಿ ಹಾಕಿದೆ.

ಮಧ್ಯಾಹ್ನ ಜೂನಿಯರ್ ವಕೀಲೆ ಫೋನು ಮಾಡಿದಳು. ವಾಯ್ದೆ ಸಿಕ್ಕಿರಲಿಲ್ಲ. ತಡೆಯಾಜ್ಞೆ ತೆರವಾಗಿತ್ತು.

"ಆ ಯವ್ವ ವರಾಂಡಾ ಬಿಟ್ಟು ಏಳವಲ್ಲಳ್ರಿ ಮೇಡಂ. ಸಾಹೇಬ್ರು ಬಂದ ಬರ್ತಾರ, ಬ್ಯಾಂಡಿಗೆ ಗಂಜಿ ಕೊಟ್ಟು ಬಂದೇನಿ ಅಂತಾಳ. ಏನ್ ಹೇಳ್ಲಿ?"

"ಊಟ ಮಾಡ್ಯಾಳೇನು ಕೇಳು," ಎಂದೆ.

ಸಂಜೆ ಹಿತ್ತಲಿಗೆ ಹೋದರೆ ಬ್ಯಾಂಡು ತಂತಿಯ ಮೇಲೆ ರಟ್ಟಿನಂತೆ ಸೆಟೆದು ನಿಂತಿತ್ತು. ಮಡಚಿದರೆ ಮುರಿದೀತೆಂದು ಹಾಗೇ ಅಂಗೈ ಮೇಲೆ ಇಟ್ಟುಕೊಂಡೆ. ಗೋಡೆಯಾಚೆ ಪಕ್ಕದ ಮನೆಯಾಕೆ ಶೇಂಗಾ ಸುಲಿಯುತ್ತ ಕೂತಿದ್ದರು. ತಲೆ ಎತ್ತದೆಯೇ ಅಂದರು:

"ಟಿವಿಯಾಗ ಸಾಹೇಬ್ರನ್ನ ನೋಡಿದ್ವಿರಿ. ಬಿಳಿ ಅಂಗಿ ಭಾಳ ಒಪ್ಪತೈತಿ ಬಿಡ್ರಿ. ಆ ಕರಿ ಕೋಟು ಇನ್ನ ಯಾರಿಗರ ಕೊಟ್ಟಬಿಡ್ರಿ."