ಅಮಾವಾಸ್ಯೆಯ ಕಾಯಿನೀರು

ಪೊಲೀಸರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಗಾಡಿ ಹೆಂಗ ಹೋತ್ರಿ ಅಮ್ಮಾ?"

ಕಾರಿನಲ್ಲಿ ನಾನು ಗಂಡನ ಪಕ್ಕದ ಸೀಟಿನಲ್ಲೇ ಕುಳಿತಿದ್ದೆ. ಕಂಡದ್ದನ್ನು ಹೇಳಿದೆ. "ನೆಟ್ಟಗ ಹೋತ್ರಿ." ಬರೆದುಕೊಳ್ಳುತ್ತಿದ್ದವರ ಪೆನ್ನು ನಡುವೆ ಸೀಳಿತ್ತು, ಅದಕ್ಕೆ ಬಿಳಿ ದಾರ ಸುತ್ತಿದ್ದರು. ಆ ದಾರವನ್ನೇ ನೋಡುತ್ತ ಹೇಳಿದ್ದರಿಂದ ನಮ್ಮವರ ಮುಖ ನನಗೆ ಕಾಣಲಿಲ್ಲ. ಒಂದು ನಿಮಿಷದ ಹಿಂದಷ್ಟೇ ಅವರು ಅದೇ ಪೊಲೀಸರಿಗೆ, "ನಾನು ಎಡಕ್ಕ, ಗದ್ದಿ ಕಡೆ ಪೂರಾ ತಿರುಗಿಸಿದೆ. ಗಾಡಿ ತಿರುಗಲಿಲ್ಲ" ಎಂದಿದ್ದರು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಸುಳ್ಳು ಹೇಳಬಾರದು ಎಂಬುದನ್ನು ಕಸೂತಿ ಹಾಕುವುದನ್ನು ಕಲಿಸಿದಷ್ಟೇ ತಾಳ್ಮೆಯಿಂದ ಸಿಸ್ಟರುಗಳು ಕಲಿಸಿದ್ದರು. ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೂ ನನ್ನ ಮಾತಿನಿಂದ ಅವರ ಮಾತು ಸುಳ್ಳಾಯಿತು. ಗಾಬರಿಯಲ್ಲಿ ಸ್ಟಿಯರಿಂಗ್ ಹಿಡಿದು ಕಲ್ಲಿನಂತೆ ಕುಳಿತುಬಿಟ್ಟರು ಎಂದು ಎಲ್ಲರೂ ತೀರ್ಮಾನಿಸಿದರು. ಭಾವನವರು ನಮ್ಮ ಮನೆಯ ಜಗುಲಿಯಲ್ಲೇ ನಿಂತು, "ವಯಸ್ಸಾತಪಾ, ಇನ್ನ ಗಾಡಿ ಬಿಡು" ಅಂದರು. ಇವರಿಗೆ ಐವತ್ತೆಂಟು. ಭಾವನವರಿಗೆ ಅರವತ್ತಮೂರು, ಅವರು ಇಂದಿಗೂ ಗಾಡಿ ಓಡಿಸುತ್ತಾರೆ.

ಆದದ್ದಿಷ್ಟು. ಕಂಪ್ಲಿಯಲ್ಲಿ ನಮ್ಮ ಮನೆತನದ ಅಕ್ಕಿ ಮಿಲ್ಲು ಇದೆ. ಇವರು ಹೊಸಪೇಟೆಯಿಂದ ದಿನಾ ಕಾರಿನಲ್ಲಿ ಹೋಗಿಬರುತ್ತಿದ್ದರು. ಕಾರು ಹಳೆಯದು, ಹದಿನಾಲ್ಕು ವರ್ಷದ್ದು. ಆ ದಿನ ಎಮ್ಮಿಗನೂರಿನ ನೆಂಟರ ಮನೆಯಲ್ಲಿ ಊಟವಿತ್ತು, ನಾನೂ ಜೊತೆಗಿದ್ದೆ. ನಾಟಿಯ ಕಾಲ. ಗದ್ದೆ ಹೊಡೆದು ಮೇಲೆ ಬಂದ ಟ್ರ್ಯಾಕ್ಟರುಗಳು ಕಬ್ಬಿಣದ ಗಾಲಿಗಳಲ್ಲಿ ರಾಡಿಯನ್ನು ಹೊತ್ತು ತಂದು ಡಾಂಬರಿನ ಮೇಲೆ ಹಾಸಿ ಹೋಗಿದ್ದವು. ಬಲಗಡೆಯ ಗದ್ದೆಯಿಂದ ಎಮ್ಮಿಗನೂರಿನವನೇ ಒಬ್ಬ ವಯಸ್ಸಾದ ಯಜಮಾನ ಹುಲ್ಲಿನ ಹೊರೆ ಹೇರಿದ ಸೈಕಲ್ ತಳ್ಳಿಕೊಂಡು ರಸ್ತೆಗೆ ಬಂದ. ಇವರು ಬ್ರೇಕ್ ಒತ್ತಿದರು. ಚಕ್ರಗಳು ನಿಂತವು, ಗಾಡಿ ನಿಲ್ಲಲಿಲ್ಲ. ಎಣ್ಣೆಯ ಮೇಲೆ ಜಾರುವ ಬಟ್ಟಲಿನ ಹಾಗೆ ಸದ್ದೇ ಇಲ್ಲದೆ ನೆಟ್ಟಗೆ ಹೋಯಿತು. ನನ್ನ ಮಡಿಲಲ್ಲಿ ಎಲೆಯಡಿಕೆಯ ಡಬ್ಬಿ ಇತ್ತು. ಅದರ ಮುಚ್ಚಳ ತೆರೆದದ್ದು ನೆನಪಿದೆ. ಇವರ ಕೈ ಏನು ಮಾಡುತ್ತಿತ್ತು ಎಂದು ನಾನು ನೋಡಲಿಲ್ಲ.

ಯಜಮಾನ ಬದುಕಿದ. ಎಡಗಾಲು ತೊಡೆಯಲ್ಲೂ ಮೊಣಕಾಲಲ್ಲೂ ಮುರಿಯಿತು. ಇವರು ಆಸ್ಪತ್ರೆಗೆ ಎರಡು ಸಲ ಹೋಗಿ, ಎರಡು ಸಲವೂ ವಾರ್ಡಿನ ಬಾಗಿಲಿಂದಲೇ ತಿರುಗಿ ಬಂದರು. ಒಳಗೆ ಹೋಗಿ ಮಾತಾಡಿದವರು ಭಾವನವರೇ.

ಆಮೇಲೆ ಇವರು ಕಂಪ್ಲಿಗೆ ಬಸ್ಸಿನಲ್ಲಿ ಹೋಗತೊಡಗಿದರು. ನನ್ನ ಜೊತೆ ಜಗಳವಾಡಲಿಲ್ಲ, ಊಟ ಬಿಡಲಿಲ್ಲ. ಆದರೆ ಊಟಕ್ಕೆ ಕುಳಿತಾಗ ತಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಡಕ್ಕೆ ತಿರುಗಿಸುತ್ತಿದ್ದರು. ಪಲ್ಯ ಇದ್ದ ಕಡೆ ಅನ್ನ ಬರುತ್ತಿತ್ತು. ಅದು ಅವರಿಗೆ ತಿಳಿಯುತ್ತಿರಲಿಲ್ಲ. ಒಂದು ದಿನ ನನ್ನನ್ನು ನೋಡದೆ ಕೇಳಿದರು.

"ಖರೇ ಹೇಳು. ನಾನು ತಿರುಗಿಸಿದ್ನೋ ಇಲ್ಲೋ?"

"ನಾನು ನೋಡ್ಲಿಲ್ರಿ."

"ನನಗೂ ಈಗ ಗೊತ್ತಾಗವಲ್ದು," ಅಂದರು.

ಪೊಲೀಸ್ ಠಾಣೆಯಿಂದ ಕಾರು ಮನೆಗೆ ಬಂದದ್ದು ಮಹಾನವಮಿಯ ಹೊತ್ತಿಗೆ. ದೃಷ್ಟಿ ತಗುಲಿದೆ ಎಂದು ಆ ಸಲ ನಾನು ಒಂದರ ಬದಲು ಎರಡು ಕಾಯಿ ಒಡೆದೆ.

ಈ ಕಾಯಿಯ ವಿಷಯವನ್ನು ಬಿಡಿಸಿ ಹೇಳಬೇಕು. ಮಿಲ್ಲಿನಲ್ಲಿ ಪ್ರತಿ ಅಮಾವಾಸ್ಯೆ ಯಂತ್ರಕ್ಕೆ ಪೂಜೆ. ವಿಭೂತಿ ಬಳಿದು, ಕುಂಕುಮವಿಟ್ಟು, ಕಾಯಿ ಒಡೆದು ನೀರನ್ನು ಯಂತ್ರದ ಮೇಲೆಯೇ ಬಿಡುವುದು ನಮ್ಮತ್ತೆಯವರ ಪದ್ಧತಿ. "ದುಡಿಯೋ ಮಿಷಿನ್ನಿಗೆ ಮೊದಲು ನೀರು ಕುಡಿಸ್ಬೇಕವ್ವ, ಆಮ್ಯಾಲೆ ನಾವು" ಅನ್ನುತ್ತಿದ್ದರು. ಅದು ಮಣಭಾರದ ಕಬ್ಬಿಣ, ಅದಕ್ಕೆ ಏನೂ ಆಗುತ್ತಿರಲಿಲ್ಲ. ಅತ್ತೆಯವರು ಹೋದ ಮೇಲೆ ಅದೇ ಪದ್ಧತಿಯನ್ನು ನಾನು ಮನೆಯ ಕಾರಿಗೂ ತಂದೆ. ಬಾನೆಟ್ ಎತ್ತಿದರೆ ಒಳಗೆಲ್ಲ ಜಿಡ್ಡು, ಕೆಂಧೂಳು. ಒಂದು ಮೂಲೆಯಲ್ಲಿ ಮಾತ್ರ ಬೆಳ್ಳಗಿನ ಲೋಹದ ಗಟ್ಟಿ, ಅದಕ್ಕೆ ಅಂಟಿಕೊಂಡು ಅಂಗೈಯಗಲದ ಕಪ್ಪು ಡಬ್ಬಿ. ಅಲ್ಲಿಂದ ತೆಳ್ಳನೆಯ ಕೊಳವೆಗಳು ನಾಲ್ಕು ಚಕ್ರಗಳ ಕಡೆಗೂ ಹೋಗಿದ್ದವು. ಇದೇ ಗಾಡಿಯ ಗುಂಡಿಗೆ ಇರಬೇಕು ಎಂದುಕೊಂಡೆ. ಏಳು ವರ್ಷ, ಪ್ರತಿ ಅಮಾವಾಸ್ಯೆ, ವಿಭೂತಿ ಬಳಿದದ್ದು ಅದಕ್ಕೇ, ಕಾಯಿನೀರು ಬಿಟ್ಟದ್ದೂ ಅದರ ಮೇಲೇ.

ಅಪಘಾತಕ್ಕೆ ಆರು ತಿಂಗಳ ಮೊದಲೇ ಮೀಟರಿನ ಗಾಜಿನ ಹಿಂದೆ ಒಂದು ಹಳದಿ ದೀಪ ಹತ್ತಿಕೊಂಡು ಆರದೆ ಉಳಿದಿತ್ತು. ಹೊಸಪೇಟೆಯ ಗ್ಯಾರೇಜಿನವರಿಗೆ ತೋರಿಸಿದ್ದೆವು. "ನಮ್ಮ ಕಡೆ ಅದಿರಿನ ಧೂಳಿಗೆ ಎಲ್ಲಾ ಗಾಡ್ಯಾಗೂ ಹತ್ತತೈತ್ರಿ. ಬ್ರೇಕ್ ಹಿಡಿತೈತಲ್ಲ, ಸಾಕು ಬಿಡ್ರಿ" ಅಂದಿದ್ದರು. ಆ ದೀಪ ಇವರ ಕಣ್ಣಿಗೆ ಚುಚ್ಚುತ್ತಿತ್ತು. "ಏನರ ಹಚ್ಚು ಅದಕ್ಕ" ಅಂದರು. ನಾನು ನನ್ನ ಹಣೆಯ ಸ್ಟಿಕರ್ ಬೊಟ್ಟನ್ನು ತೆಗೆದು ಗಾಜಿಗೆ ಅಂಟಿಸಿದ್ದೆ. ಮೆರೂನ್ ಬಣ್ಣದ್ದು. ದೀಪದ ಗಾತ್ರಕ್ಕೆ ಸರಿಯಾಗಿ ಹೊಂದಿತ್ತು.

ದೀಪಾವಳಿ ಕಳೆದ ಮೇಲೆ ಇವರು ಗಾಡಿ ಮಾರಿಬಿಡೋಣ ಅಂದರು. ನೋಡಲು ಬಂದವನೊಬ್ಬ ಉಗುರಿನಿಂದ ಬೊಟ್ಟನ್ನು ಕಿತ್ತು, ದೀಪ ನೋಡಿ ನಕ್ಕು ಹೊರಟುಹೋದ. ಬೊಟ್ಟನ್ನು ಮತ್ತೆ ಅಂಟಿಸಿ ನಾನೇ ಗ್ಯಾರೇಜಿಗೆ ಹೋದೆ. ಈ ಸಲ ಅವರು ಕಂಪ್ಯೂಟರ್ ಹಚ್ಚಿ ನೋಡಿ ಹೇಳಿದರು. "ಎ.ಬಿ.ಎಸ್. ಡಬ್ಬಿ ಹೋಗೈತ್ರಿ. ಹೊಸದು ಈ ಗಾಡಿಗೆ ಈಗ ಬರಂಗಿಲ್ಲ. ಸಂಡೂರಾಗ ಒಬ್ರು ಲಾರಿ ತೂಕದ ಮಿಷಿನ್ನಿನ ಬೋರ್ಡ್ ರಿಪೇರಿ ಮಾಡ್ತಾರ. ಬಿಚ್ಚಿ ಕೊಡ್ತೀನಿ, ಒಯ್ದು ತೋರಿಸ್ರಿ."

ಬಿಚ್ಚಿ ಕೈಗಿಟ್ಟಾಗ ಗುರುತಿಸಿದೆ. ನಾನು ವಿಭೂತಿ ಬಳಿಯುತ್ತಿದ್ದ ಕಪ್ಪು ಡಬ್ಬಿ ಅದು.

ಟವೆಲ್ಲಿನಲ್ಲಿ ಸುತ್ತಿ, ತರಕಾರಿ ಚೀಲದಲ್ಲಿಟ್ಟುಕೊಂಡು ಸಂಡೂರು ಬಸ್ಸು ಹತ್ತಿದೆ. ಘಾಟಿಯಲ್ಲಿ ಅದಿರಿನ ಲಾರಿಗಳ ಹಿಂದೆ ಬಸ್ಸು ನಿಂತು ನಿಂತು ಸಾಗಿತು. ಪ್ರತಿ ಸಲ ಡ್ರೈವರ್ ಬ್ರೇಕ್ ಒತ್ತಿದಾಗಲೂ ನನ್ನ ಬಲಗಾಲು ತಾನೇ ನೆಲವನ್ನು ಒತ್ತುತ್ತಿತ್ತು.

ರಿಪೇರಿಯವರದು ಮನೆಯ ಮುಂದಿನ ಒಂದೇ ಕೋಣೆ. ನಲವತ್ತರ ಆಸುಪಾಸಿನವರು, ತಲೆಗೆ ಭೂತಗನ್ನಡಿ ಕಟ್ಟಿಕೊಂಡಿದ್ದರು. "ಕುಂದ್ರಿ ಅಕ್ಕಾರ" ಎಂದು ಸ್ಟೂಲು ಒರೆಸಿ ಕೊಟ್ಟರು. ಮುರಿದ ಗರಗಸದ ಎಲೆಯಿಂದ ಡಬ್ಬಿಯ ಅಂಚನ್ನು ಸುತ್ತಲೂ ಕೊಯ್ದು ಮುಚ್ಚಳ ಎಬ್ಬಿಸಿದರು. ಒಳಗಿನ ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿದರು.

"ಗಾಡಿ ಸಮುದ್ರದ ಕಡೆ ಇತ್ತೇನ್ರಿ?"

"ಇಲ್ರಿ. ಹೊಸಪೇಟೆ, ಕಂಪ್ಲಿ, ಅಷ್ಟ."

"ಮತ್ತ ಉಪ್ಪು ಎಲ್ಲಿಂದ ಬಂತು?" ಭೂತಗನ್ನಡಿಯನ್ನು ಬಿಚ್ಚಿ ನನಗೇ ಕೊಟ್ಟರು. ಕೂದಲಿನಂಥ ತಾಮ್ರದ ಗೆರೆಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಎರಡು ಗೆರೆಗಳು ನಡುವೆ ಸವೆದು ಹೋಗಿದ್ದವು. ವೈರು ಸಿಕ್ಕಿಸುವ ಬಾಯಿಯಲ್ಲಿ ಬೆಳ್ಳಗಿನ ಹರಳು, ಅದರ ನಡುವೆ ಒಂದಿಷ್ಟು ಕೆಂಪು. ಅವರು ಸೂಜಿಯ ತುದಿಯಿಂದ ಆ ಕೆಂಪನ್ನು ಕೆರೆದು ಅಂಗೈಗೆ ಹಾಕಿಕೊಂಡರು.

"ಇದು ಅದಿರಲ್ರಿ. ಹುಟ್ಟಿದಾಗಿಂದ ಅದಿರು ಉಣ್ಣಾಕತ್ತೀವಿ, ನಮಗ ಗೊತ್ತಾಗಂಗಿಲ್ಲೇನು?" ಬೆರಳಿನಿಂದ ತಿಕ್ಕಿ ಮೂಸಿದರು. "ಕುಂಕುಮ. ಕಾಯಿನೀರಾಗೂ ಉಪ್ಪಿರತೈತಿ. ಬಾನೆಟ್ ಎತ್ತಿ ಕಾಯಿ ಒಡೀತೀರೇನ್ರಿ?"

ನಾನು ತಲೆಯಾಡಿಸಿದೆ.

"ನಮ್ಮ ಮನ್ಯಾಗೂ ಒಡೀತಾರ್ರಿ. ನಾನು ಗಾಲಿ ಮುಂದ ಒಡಸ್ತೀನಿ. ಇಲ್ಲಾಂದ್ರ ದೇವ್ರು ಒಳಗ ಕುಂತು ಎಲ್ಲಾ ತಿಂದುಬಿಡ್ತಾನ" ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಯಾಕ್ರಿ ಅಕ್ಕಾರ, ಏನಾತು?"

ಅಲ್ಲಿಯವರೆಗೆ ಯಾರಿಗೂ ಪೂರ್ತಿಯಾಗಿ ಹೇಳದ್ದನ್ನು ಆ ಅಪರಿಚಿತರಿಗೆ ಹೇಳಿದೆ. ರಾಡಿ, ಸೈಕಲ್ಲು, ಯಜಮಾನನ ಕಾಲು. ಅವರು ಕೇಳಿದ್ದು ಒಂದೇ ಮಾತು.

"ಓಡಿಸಾಕತ್ತವರು ಏನಂದ್ರು?"

"ತಿರುಗಿಸಿದೆ, ಗಾಡಿ ತಿರುಗಲಿಲ್ಲ ಅಂದ್ರು."

ಅವರು ಮೇಜಿನ ಮೇಲಿದ್ದ ಬೆಸುಗೆ ತಂತಿಯ ಉರುಳೆಯನ್ನು ಬೆರಳಿನಿಂದ ಉರುಳಿಸಿ, ಸ್ವಲ್ಪ ಓರೆ ಮಾಡಿದರು. ಅದು ಓರೆಯಾದ ಕಡೆಗೆ ಹೊರಳಿ ಹೋಯಿತು. ಮತ್ತೆ ಅದನ್ನೇ ಉರುಳದಂತೆ ಬಿಗಿಹಿಡಿದು, ಓರೆ ಮಾಡಿಯೇ ತಳ್ಳಿದರು. ಅದು ಮೇಜಿನ ಮೇಲೆ ನೆಟ್ಟಗೆ ಜಾರಿತು.

"ಉರುಳೋ ಗಾಲಿ ಅಷ್ಟ ತಿರುಗತೈತ್ರಿ. ಬಿಗಿಯಾಗಿ ನಿಂತ ಗಾಲಿ ಎಷ್ಟ ತಿರುವಿದ್ರೂ ಜಾರೋದ. ಗಾಲಿ ಬಿಗಿಯಾಗದಂಗ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡೋದ ಈ ಡಬ್ಬಿ ಕೆಲಸ. ಇದು ಸತ್ತು ಭಾಳ ದಿನ ಆಗೈತಿ. ನಿಮ್ಮ ಯಜಮಾನ್ರು ಖರೇನ ಹೇಳ್ಯಾರ."

ಮೂರು ಗಂಟೆ ಅಲ್ಲೇ ಕುಳಿತಿದ್ದೆ. ಮಕ್ಕಳ ಹಲ್ಲುಜ್ಜುವ ಬ್ರಷ್ಷಿನಿಂದ ಅವರು ಏಳು ವರ್ಷದ ಅಮಾವಾಸ್ಯೆಗಳನ್ನು ಉಜ್ಜಿ ತೆಗೆದರು. ಸವೆದ ಗೆರೆಗಳ ಜಾಗದಲ್ಲಿ ಹೊಸ ತಂತಿ ಬೆಸೆದು, ಮುಚ್ಚಳಕ್ಕೆ ಅಂಟು ಹಚ್ಚಿ, ಒಣಗುವ ತನಕ ಅದರ ಮೇಲೆ ಒಂದು ತೂಕದ ಬಟ್ಟು ಇಟ್ಟರು.

ಶನಿವಾರಗಳಂದು ಕಾನ್ವೆಂಟಿನ ಚಾಪೆಲ್ಲಿನ ಹೊರಗೆ ಹುಡುಗಿಯರು ಪಾಪನಿವೇದನೆಗೆ ಸಾಲು ನಿಲ್ಲುತ್ತಿದ್ದರು. ನಾವು ವಿಭೂತಿಯವರ ಮನೆಯ ಹುಡುಗಿಯರು ದೂರದ ಬೆಂಚಿನಲ್ಲಿ ಕಸೂತಿ ಹಾಕುತ್ತ ಅವರನ್ನು ನೋಡುತ್ತಿದ್ದೆವು. ಹೊರಬರುವಾಗ ಅವರ ಮುಖ ಹಗುರಾಗಿರುತ್ತಿತ್ತು. ಎಷ್ಟು ಸುಲಭ ಅನ್ನಿಸುತ್ತಿತ್ತು. ಸಂಡೂರಿನಿಂದ ಬಂದ ಮೇಲೆ ನಾಲ್ಕು ದಿನ ನಾನು ಬಾಯಿ ಬಿಡಲಿಲ್ಲ. ಇವರು ತಿರುಗಿಸಿದ್ದು ನಿಜ ಎಂದು ಹೇಳಬೇಕಾದರೆ ಗಾಡಿ ಯಾಕೆ ತಿರುಗಲಿಲ್ಲ ಎಂದೂ ಹೇಳಬೇಕು. ಮೊದಲನೆಯದನ್ನಷ್ಟೇ ಹೇಳಿ ಎರಡನೆಯದನ್ನು ನುಂಗಿಕೊಳ್ಳುವ ದಾರಿಯನ್ನು ನಾಲ್ಕೂ ದಿನ ಹುಡುಕಿದೆ. ಇವರ ತಟ್ಟೆ ತಿರುಗುತ್ತಲೇ ಇತ್ತು.

ಐದನೆಯ ದಿನ ಗ್ಯಾರೇಜಿನವರು ಡಬ್ಬಿ ಕೂರಿಸಿ, ಬ್ರೇಕಿನ ಕೊಳವೆಗಳ ಗಾಳಿ ತೆಗೆದು, ಓಡಿಸಿ ನೋಡಿ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ ಹೋದರು. ಇವರನ್ನು ಕರೆದು ಒಳಗೆ ಕೂರಿಸಿದೆ. ಬೊಟ್ಟನ್ನು ಕಿತ್ತು, ಕೀಲಿ ತಿರುಗಿಸಿ ಅಂದೆ. ಹಳದಿ ದೀಪ ಹತ್ತಿತು, ಒಂದೆರಡು ಉಸಿರಿನಷ್ಟು ಹೊತ್ತು ಉರಿದು ಆರಿತು.

"ನೀವು ತಿರುಗಿಸಿದ್ರಿ," ಅಂದೆ. ಉರುಳೆಯ ಲೆಕ್ಕ ಹೇಳಿದೆ. ಕಾಯಿನೀರಿನ ವಿಷಯವನ್ನೂ ಹೇಳಿದೆ. ಬೊಟ್ಟು ನನ್ನ ಬೆರಳಿಗೇ ಅಂಟಿಕೊಂಡಿತ್ತು.

ಅವರು ದೀಪ ಆರಿದ ಜಾಗವನ್ನೇ ನೋಡುತ್ತ, "ಪೊಲೀಸ್ರ ಮುಂದ ನೆಟ್ಟಗ ಹೋತು ಅಂದಿ" ಅಂದರು.

"ನೆಟ್ಟಗ ಹೋಗಿತ್ತಲ್ರಿ."

"ಹೂಂ. ಹೋಗಿತ್ತು." ಸ್ಟಿಯರಿಂಗ್ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು. "ದೀಪ ನನಗೂ ಕಾಣ್ತಿತ್ತು. ಏನರ ಹಚ್ಚು ಅಂದಾವ ನಾನ. ಈಗ ತಪ್ಪು ಯಾರದಂತ ಹೇಳೋದು?" ನನ್ನ ಮೇಲೆ ಸಿಟ್ಟಾಗಲಿ ಎಂದು ಕಾಯುತ್ತಿದ್ದೆ. ಅವರು ಕಾರಿನಿಂದ ಇಳಿಯುತ್ತ, "ನಾಳೆ ಎಮ್ಮಿಗನೂರಿಗೆ ಹೋಗೂಣು. ಅವಂಗ ಹೇಳ್ಬೇಕು" ಅಂದರು.

ಯಜಮಾನ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದ. ಎಡಗಾಲು ಮಡಚುತ್ತಿರಲಿಲ್ಲ. ಸೈಕಲ್ಲು ಗೋಡೆಗೆ ಒರಗಿತ್ತು, ಅದರ ಮೇಲೆ ಸೊಸೆ ಬಟ್ಟೆ ಒಣಹಾಕಿದ್ದಳು. ಇವರು ನಿಂತೇ ಇದ್ದರು. ಹೇಳಿದ್ದು ನಾನು, ಕಾಯಿನೀರಿನಿಂದ ಬೊಟ್ಟಿನವರೆಗೆ. ಆತ ಎಲ್ಲಾ ಕೇಳಿ, ಎಲೆಯಡಿಕೆ ಜಗಿಯುವವನಂತೆ ನಿಧಾನವಾಗಿ ಹೇಳಿದ.

"ಅಮಾಸಿ ಅಮಾಸಿಗೆ ದೇವ್ರಿಗೆ ಕೊಟ್ರಿ. ದೇವ್ರು ಬ್ಯಾರೆ ಯಾರೂ ಸಿಗಲಿಲ್ಲಂತ ನನ್ ಕಾಲು ತಗಂಡ."

ಸೊಸೆ ಬಾಗಿಲಲ್ಲಿ, "ಸುಮ್ಕಿರು ಮಾವ" ಅಂದಳು.

"ಯಾಕ ಸುಮ್ಕಿರ್ಲಿ? ಆಗ್ಲೂ ಸುಮ್ಕ ಇರಿಸಿದ್ರು." ಇವರ ಕಡೆ ತಿರುಗಿದ. "ನಿಮ್ಮ ಗಾಡಿ ಮುಂದಿನ ಗಾಲಿ ಗದ್ದಿ ಕಡೆ ತಿರುಗಿದ್ವು ಸಾವ್ಕಾರ. ನಾನು ನೋಡೀನಿ. ಗಾಲಿ ಅತ್ತಾಗ, ಗಾಡಿ ನನ್ ಮ್ಯಾಲೆ. ಇದೆಂಥಾ ಗಾಡಿ ಅಂತ ಅಂದ್ಕಳಾಕತ್ತಿದ್ದೆ, ಅಷ್ಟರಾಗ ಬಿದ್ದೆ."

"ಯಾರಿಗೂ ಹೇಳ್ಲಿಲ್ಲಲ್ಲ," ಅಂದರು ಇವರು.

"ಯಾರು ಕೇಳಿದ್ರು? ಹೆಬ್ಬೆಟ್ಟು ಒತ್ತಿಸ್ಕಂಡು ಹೋದ್ರು. ನೀವೂ ಬಾಗಿಲದಾಗ ನಿಂತು ಹೋದ್ರಿ, ನೋಡಿದೆ."

ಇವರು ಕಟ್ಟೆಯ ಕೆಳಗೆ, ನೆಲದ ಮೇಲೆ ಕುಳಿತುಬಿಟ್ಟರು. ಯಜಮಾನ ಕುಂದ್ರಬ್ಯಾಡ್ರಿ ಎಂದೂ ಅನ್ನಲಿಲ್ಲ, ಮೇಲೆ ಬರ್ರಿ ಎಂದೂ ಅನ್ನಲಿಲ್ಲ. ಚಾಚಿದ ಕಾಲನ್ನು ಕೈಯಿಂದ ಸರಿಸಿಕೊಂಡು, "ಈಗ ಗಾಡಿ ಸುದ್ದ ಆತೇನು?" ಎಂದು ಕೇಳಿದ.

"ಆಗೈತಿ."

"ಒಳ್ಳೇದಾತು. ಗಾಡಿನಾದ್ರೂ ಆತಲ್ಲ."

ಕಟ್ಟೆಯ ಪಕ್ಕ ಅವನ ಚಪ್ಪಲಿ ಜೋಡಿ ಇತ್ತು. ಬಲಗಾಲಿನದು ಹಿಮ್ಮಡಿಯಲ್ಲಿ ಸವೆದಿತ್ತು. ಎಡಗಾಲಿನದರ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.

ವಾಪಸ್ಸು ಬರುವಾಗ ಇವರೇ ಓಡಿಸಿದರು. ಆ ಜಾಗದಲ್ಲಿ ಈಗ ರಾಡಿ ಇರಲಿಲ್ಲ, ಭತ್ತದ ಹುಲ್ಲು ಚೆಲ್ಲಿತ್ತು. ಹಿಂದೆ ಮುಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡು ಇವರು ಬ್ರೇಕನ್ನು ಜೋರಾಗಿ ಒತ್ತಿ, ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರು. ಕಾಲಡಿಯಲ್ಲಿ ಏನೋ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಗಡಗಡ ನಡುಗಿತು. ಗಾಡಿ ತಿರುಗಿ, ಗದ್ದೆಯ ಅಂಚಿಗೆ ಬಂದು ನಿಂತಿತು. ಈ ಸಲ ನಾನು ಅವರ ಕೈಗಳನ್ನೇ ನೋಡುತ್ತಿದ್ದೆ. ಅವರು ಬಹಳ ಹೊತ್ತು ಅವನ್ನು ಸ್ಟಿಯರಿಂಗಿನಿಂದ ತೆಗೆಯಲಿಲ್ಲ.